ಅಪಾಯದ ಕೆಲಸದಲ್ಲಿ ಮಾನಸಿಕ ಆರೋಗ್ಯ: ಸೇಫ್ಟಿ ವ್ಯವಸ್ಥೆಯೊಳಗೆ ತರುವ ಬಗೆ

ಗಣಿ, ರಿಫೈನರಿ, ಎತ್ತರದ ಕಟ್ಟಡಗಳ ಕೆಲಸದಲ್ಲಿ ಮಾನಸಿಕ ಆರೋಗ್ಯವೆಂದರೆ ಬಹಳ ಕಡೆ ವರ್ಷಕ್ಕೊಂದು ಉಪನ್ಯಾಸ, ಗೋಡೆಗೊಂದು ಪೋಸ್ಟರ್. ಅಷ್ಟರಿಂದ ಏನೂ ಆಗದು. ಗ್ಯಾಸ್ ಸೋರಿಕೆಗೆ ಇರುವಂತೆ ಇದಕ್ಕೂ ಅಪಾಯಗಳ ಪಟ್ಟಿಯಲ್ಲಿ ಒಂದು ಸಾಲು, ಒಬ್ಬ ಹೊಣೆಗಾರ, ಒಂದು ಗಡುವು ಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 2021ರ ಐಎಸ್‌ಒ 45003 ಮಾರ್ಗಸೂಚಿಯೂ ಇದನ್ನು ಸುರಕ್ಷತಾ ವ್ಯವಸ್ಥೆಯ ಒಳಗೇ ನಿಭಾಯಿಸಲು ಹೇಳುತ್ತದೆ.

ಮೊದಲು ಶಿಫ್ಟ್ ಪಟ್ಟಿ ತೆಗೆದು ನೋಡಿ. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿ ಸ್ಫೋಟಿಸಿ 15 ಜನ ಸತ್ತರು. ಕೆಲವು ಆಪರೇಟರ್‌ಗಳು 29 ದಿನ ಅಥವಾ ಇನ್ನೂ ಹೆಚ್ಚು ದಿನ ರಜೆಯಿಲ್ಲದೆ 12 ಗಂಟೆ ಶಿಫ್ಟ್ ಮಾಡಿದ್ದಿರಬೇಕು ಎಂದಿತು ತನಿಖೆ. ಮೂರು ತಿಂಗಳ ಹಾಜರಿ, ಓಟಿ, ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಶಿಫ್ಟ್ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಲಿ. ಎರಡು ಶಿಫ್ಟ್‌ಗಳ ನಡುವೆ 11 ಗಂಟೆಯಾದರೂ ಬಿಡುವಿರಲಿ. ನಸುಕಿನ 3ರಿಂದ 5ರ ನಡುವೆ ಟ್ಯಾಂಕ್‌ಗೆ ಇಳಿಯುವ ಕೆಲಸ ಶುರುಮಾಡಬೇಡಿ. ಶಿಫ್ಟ್ ಪಟ್ಟಿ ಹಾಗೇ ಬಿಟ್ಟು ಕೌನ್ಸೆಲಿಂಗ್ ಕೊಡಿಸುವುದು ಸೋರುವ ಪೈಪಿನ ಕೆಳಗೆ ಬಕೆಟ್ ಇಟ್ಟ ಹಾಗೆ.

ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆಯಾದ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಎಲ್ಲರೆದುರು "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀವಿ ಸರ್" ಅನ್ನುವುದೊಂದೇ ಉತ್ತರ. ಅಪಾಯದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿಗೆ, ಅಂದರೆ ಪರ್ಮಿಟ್‌ಗೆ, ಸಹಿ ಹಾಕಿಸುವಾಗ ಒಬ್ಬೊಬ್ಬರನ್ನೇ ಕೇಳಿ: "ರಾತ್ರಿ ಎಷ್ಟು ಗಂಟೆ ನಿದ್ದೆ ಆಯ್ತು? ಇವತ್ತು ಮೇಲೆ ಹತ್ತೋದು ಬೇಡ ಅನ್ನಿಸಿದ್ರೆ ಹೇಳಿ, ಕೆಳಗೆ ಬೇರೆ ಕೆಲಸ ಇದೆ." ಆ ಬೇರೆ ಕೆಲಸ ನಿಜವಾಗಿಯೂ ಇರಬೇಕು: ಸ್ಟೋರ್ ಲೆಕ್ಕ, ಟ್ಯಾಗ್ ಬರೆಯುವುದು, ಸಾಮಾನು ಜೋಡಿಸುವುದು. ಇಲ್ಲೇ ಹೆಚ್ಚಿನವರು ಎಡವುವುದು: ಸುಮ್ಮನೆ ನಿಲ್ಲುವ ಕೆಲಸವೆಂದು ಬೆಂಕಿ ಹೊತ್ತದಂತೆ ಕಾಯುವ ಫೈರ್ ವಾಚ್‌ಗೋ ಟ್ಯಾಂಕ್ ಬಾಯಿಯ ಕಾವಲಿಗೋ ಹಾಕಿಬಿಡುತ್ತಾರೆ. ಗಮನವೇ ಬಂಡವಾಳವಾದ ಜಾಗಗಳವು. ಆ ದಿನದ ಕೂಲಿ ಕಡಿತವಾಗಬಾರದು, ಗುತ್ತಿಗೆಯವರಿಗೂ. ದಾಖಲೆಯಲ್ಲಿ "ಕೆಲಸ ಬದಲಾವಣೆ" ಎಂದಷ್ಟೇ ಬರೆದರೆ ಸಾಕು.

ಸೂಪರ್‌ವೈಸರ್ ಕಾಯಿಲೆ ಪತ್ತೆಮಾಡಬೇಕಿಲ್ಲ, ಬದಲಾವಣೆ ಗುರುತಿಸಿದರೆ ಸಾಕು. ಎಂದೂ ತಪ್ಪದವನು ಒಂದೇ ವಾರದಲ್ಲಿ ಎರಡು ಸಲ ಬೆಲ್ಟಿನ ಹುಕ್ ಸಿಕ್ಕಿಸದೆ ಹತ್ತಿದರೆ ಬೈಯುವ ಮೊದಲು ಪಕ್ಕಕ್ಕೆ ಕರೆಯಿರಿ. ಬದುಕು ಸಾಕಾಗಿದೆ ಎಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಎತ್ತರ, ವಾಹನ, ರಾಸಾಯನಿಕಗಳಿಂದ ದೂರ ಕರೆತಂದು, ವೈದ್ಯರ ಕೈಗೆ ಒಪ್ಪಿಸುವವರೆಗೆ ಒಂಟಿಯಾಗಿ ಬಿಡಬೇಡಿ.

ಅಪಘಾತವಾದ ಮೇಲೆ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ರೂಢಿ ಬಿಡಿ. ಅಂಥ ಒಂದು ಬಾರಿಯ ಡಿಬ್ರೀಫಿಂಗನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ನೀರು ಕೊಡಿ, ಮನೆಗೆ ಫೋನ್ ಮಾಡಿಸಿ, ಜೊತೆಗೊಬ್ಬರನ್ನು ಕಳಿಸಿ. ಕೆಲವು ದಿನ ಬಿಟ್ಟು ಮತ್ತೆ ವಿಚಾರಿಸಿ, ತಿಂಗಳ ನಂತರ ಇನ್ನೊಮ್ಮೆ. ತನಿಖೆಗೆ ಹೇಳಿಕೆ ಬರೆದುಕೊಳ್ಳುವವರೇ ಸಮಾಧಾನ ಹೇಳಲು ಕೂರಬಾರದು.

ಶುರುವಿನ ತಿಂಗಳುಗಳಲ್ಲಿ "ಇವತ್ತು ಆಗಲ್ಲ" ಅನ್ನುವವರು ಹೆಚ್ಚಾದರೆ ಗಾಬರಿ ಬೇಡ. ಒಬ್ಬರೂ ಹೇಳುತ್ತಿಲ್ಲವೆಂದರೆ ಗುತ್ತಿಗೆಯವರ ಕೂಲಿ ಪಟ್ಟಿ ತರಿಸಿ ನೋಡಿ, ಎಲ್ಲೋ ಹಣ ಕಟ್ ಆಗುತ್ತಿರಬಹುದು.