ಟ್ಯೂಬ್ ಆಂಪ್: ಸದ್ದು ಕಡಿಮೆ, ಟೋನ್ ಪೂರ್ತಿ
ಟ್ಯೂಬ್ ಆಂಪ್ ಅಂದರೆ ವ್ಯಾಕ್ಯೂಮ್ ಟ್ಯೂಬ್‌ಗಳಿರುವ ಗಿಟಾರ್ ಆಂಪ್ಲಿಫೈಯರ್. ಅದರ ಆ ದಪ್ಪ, ಒರಟು ಟೋನ್ ಬರುವುದು ಪವರ್ ಟ್ಯೂಬ್‌ಗಳನ್ನು, ಅಂದರೆ ಸ್ಪೀಕರ್‌ಗೆ ಪವರ್ ಕೊಡುವ ಟ್ಯೂಬ್‌ಗಳನ್ನು, ಜೋರಾಗಿ ದುಡಿಸಿದಾಗ. ಮನೆಯಲ್ಲಿ ಹಾಗೆ ನುಡಿಸಿದರೆ ಪಕ್ಕದವರು ಬಾಗಿಲು ಬಡಿಯುತ್ತಾರೆ, ಅಲ್ವಾ? 100 ವ್ಯಾಟ್ ಬಿಟ್ಟು 50 ವ್ಯಾಟ್ ಆಂಪ್ ತಂದರೂ ಇಳಿಯುವುದು ಬರೀ 3 ಡೆಸಿಬೆಲ್. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್, ಅಂದರೆ ಪವರ್ ತಗ್ಗಿಸುವ ಸಾಧನ, ಹಾಕಿ. ಜಾಸ್ತಿಯಾದ ಪವರ್ ಅದರಲ್ಲೇ ಬಿಸಿಯಾಗಿ ಹೋಗುತ್ತದೆ. ಆಂಪ್‌ನ ಹಿಂದೆ 8 ಓಮ್ ಅಂತಿದ್ದರೆ ಅಟೆನ್ಯುಯೇಟರ್ ಕೂಡ 8 ಓಮ್‌ನದೇ ಇರಲಿ, ವ್ಯಾಟ್ ಮಿತಿ ಆಂಪ್‌ಗಿಂತ ಜಾಸ್ತಿ ಇರಲಿ. ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಬೇಡ. ಸ್ಪೀಕರ್ ಅಥವಾ ಲೋಡ್ (ಸ್ಪೀಕರ್ ಬದಲು ಪವರ್ ಹೀರುವ ಸಾಧನ) ಇಲ್ಲದೆ ಮಾತ್ರ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ತೀರಾ ಇಳಿಸಿದಾಗ ಟೋನ್ ಸಪ್ಪೆ ಅನಿಸುತ್ತದೆ. ಸಣ್ಣ ಸದ್ದಿನಲ್ಲಿ ಬಾಸ್, ಟ್ರೆಬಲ್ ಕಿವಿಗೆ ಕಡಿಮೆ ಕೇಳಿಸುತ್ತವೆ. ಎರಡನ್ನೂ ಚೂರು ಏರಿಸಿ.