ಕೈದಿ ಹಡಗೊಂದರ ಪಯಣ: ಮೈಸೂರಿನಲ್ಲಿ ಕೂತು ದಾಖಲೆಯಿಂದ ಕಟ್ಟುವ ಬಗೆ

1799ರಲ್ಲಿ ಕೊಡಗಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದ ಬಾಂಬೆ ಸೇನೆಯಲ್ಲಿ ಲ್ಯಾಕ್ಲನ್ ಮ್ಯಾಕ್ವಾರಿ ಎಂಬ ಅಧಿಕಾರಿ ಇದ್ದ. ಮುಂದೆ 1810ರಿಂದ 1821ರವರೆಗೆ ಆಸ್ಟ್ರೇಲಿಯಾದ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸಿನ ಗವರ್ನರ್ ಆಗಿದ್ದವನು ಅವನೇ. ಬ್ರಿಟನ್ನಿನಿಂದ ಬರುವ ಕೈದಿ ಹಡಗುಗಳಲ್ಲಿ ಜನ ಯಾಕೆ ಹೀಗೆ ಸಾಯುತ್ತಿದ್ದಾರೆ ಎಂದು 1814ರಲ್ಲಿ ವರದಿ ಕೇಳಿದವನೂ ಅವನೇ. ಮಾನಸಗಂಗೋತ್ರಿಯಲ್ಲಿ ಇತಿಹಾಸ ಓದುವವರಿಗೂ ಮಂಡ್ಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಬರೆಯುವವರಿಗೂ ಈ ಹಡಗುಗಳು ಒಳ್ಳೆಯ ವಿಷಯ. ದಾಖಲೆಗಳ ಬಹುಭಾಗ ಜಾಲತಾಣಗಳಲ್ಲೇ ಸಿಗುತ್ತದೆ. 1788ರಿಂದ 1868ರವರೆಗೆ 1,60,000ಕ್ಕೂ ಹೆಚ್ಚು ಕೈದಿಗಳು ಹೀಗೆ ಗಡೀಪಾರಾಗಿ ಆಸ್ಟ್ರೇಲಿಯಾಕ್ಕೆ ಸಾಗಿಹೋದರು. ಅಷ್ಟನ್ನೂ ತಲೆ ಮೇಲೆ ಹೊರಬೇಡಿ, ಒಂದು ಹಡಗಿನ ಒಂದೇ ಪಯಣ ಸಾಕು.

ಹಡಗನ್ನು ಆರಿಸುವುದು

ಎಲ್ಲರ ಕಣ್ಣೂ ಮೊದಲು ಬೀಳುವುದು 1787ರ ಮೇ 13ರಂದು ಪೋರ್ಟ್ಸ್‌ಮತ್ ಬಿಟ್ಟ 11 ಹಡಗುಗಳ ಮೊದಲ ತಂಡದ ಮೇಲೆ. ಹೊಸಬರು ಅದನ್ನು ಬಿಟ್ಟುಬಿಡುವುದು ವಾಸಿ. ಕೈದಿಗಳ ಶಿಕ್ಷೆಯ ಕಾಗದಗಳು ಇಂಗ್ಲೆಂಡಿನಲ್ಲೇ ಉಳಿದವು. ಅವಧಿ ಮುಗಿಯಿತು ಎಂದು ಕೈದಿ ಹೇಳಿದರೆ ಅಲ್ಲಿಯ ಮೊದಲ ಗವರ್ನರ್ ಆರ್ಥರ್ ಫಿಲಿಪ್ ಕೈಯಲ್ಲಿ ತಾಳೆ ನೋಡಲು ಏನೂ ಇರಲಿಲ್ಲ. ನಿಮಗೂ ಅದೇ ತೊಡಕು.

1815ರ ನಂತರದ ಹಡಗನ್ನು ಹಿಡಿಯಿರಿ. ಮ್ಯಾಕ್ವಾರಿಗೆ ವರದಿ ಬರೆದುಕೊಟ್ಟ ವಿಲಿಯಂ ರೆಡ್‌ಫರ್ನ್ ತಾನೇ ಕೈದಿಯಾಗಿ ಬಂದ ವೈದ್ಯ. 1797ರ ನೋರ್ ನೌಕಾದಂಗೆಯಲ್ಲಿ ಸಿಕ್ಕಿಬಿದ್ದವನು. ಗಾಳಿ, ಶುಚಿ, ಆಹಾರ, ಡೆಕ್ ಮೇಲಿನ ಓಡಾಟ ಎಲ್ಲದರ ಬಗ್ಗೆಯೂ ಬರೆದ. ಮುಖ್ಯವಾದ ಮಾತೆಂದರೆ, ಹಡಗಿನ ವೈದ್ಯ ಕ್ಯಾಪ್ಟನ್ನನ ಕೈಕೆಳಗಿನ ಆಳಾಗಿರಬಾರದು, ಸರ್ಕಾರ ಕಳಿಸಿದ, ಅಧಿಕಾರವುಳ್ಳ ನೌಕಾವೈದ್ಯನಾಗಿರಬೇಕು. ಅದಾದ ಮೇಲೆ ಹಡಗಿಗೊಬ್ಬ ಸರ್ಜನ್ ಸೂಪರಿಂಟೆಂಡೆಂಟ್ ಬಂದ, ಜೊತೆಗೆ ಅವನ ದಿನಚರಿಯೂ ಬಂತು. ನಿಮ್ಮ ಕೆಲಸದ ಬೆನ್ನೆಲುಬು ಆ ದಿನಚರಿಯೇ.

ಹೋಬಾರ್ಟಿಗೆ ಹೋದ ಹಡಗಾದರೆ ಇನ್ನೂ ಅನುಕೂಲ, ಏಕೆಂದರೆ ಟಾಸ್ಮೇನಿಯಾದ ನಡತೆ ರಿಜಿಸ್ಟರುಗಳು ಜಾಲದಲ್ಲಿ ಪುಕ್ಕಟೆ. ಅಲ್ಲಿಗೆ ಕೈದಿಗಳನ್ನು ಕಳಿಸುವುದು ನಿಂತದ್ದು 1853ರಲ್ಲಿ. ನ್ಯೂ ಸೌತ್ ವೇಲ್ಸಿಗೆ 1840ರಲ್ಲೇ ನಿಂತಿತ್ತು. ಕೊನೆಯ ಹಡಗು ಹೌಗೊಮಾಂಟ್, 1868ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ತಲುಪಿತು. ಐರ್ಲೆಂಡಿನಿಂದ ಹೊರಟ ಹಡಗು ಮೊದಲಿಗೆ ಬೇಡ. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ಅಲ್ಲಿಯ ಕಾಗದಪತ್ರ ಬಹಳಷ್ಟು ಬೂದಿಯಾಯಿತು.

ಹೆಸರಿನ ಜೊತೆ ವರ್ಷವನ್ನೂ ಬರೆದಿಡಿ. ಒಂದೇ ಹಡಗು ಮತ್ತೆ ಮತ್ತೆ ಬಂದಿರುತ್ತದೆ. ಸ್ಕಾರ್ಬರೋ 1788ರಲ್ಲೂ ಬಂತು, 1790ರಲ್ಲೂ ಬಂತು. ಎರಡೂ ಪಯಣಗಳ ಲೆಕ್ಕ ಕಲಸಿಹೋದರೆ ಕೆಲಸವೆಲ್ಲ ಹಾಳು.

ಯಾವ ಕಾಗದ, ಯಾವ ಕ್ರಮದಲ್ಲಿ

ಒಬ್ಬ ಕೈದಿಯನ್ನು ಗುರುತಿಗೆ ಇಟ್ಟುಕೊಂಡು ಹೊರಡಿ. ಲಂಡನ್ನಿನವನಾದರೆ ಅಲ್ಲಿಯ ಅಪರಾಧ ನ್ಯಾಯಾಲಯವಾದ ಓಲ್ಡ್ ಬೇಲಿಯ ಜಾಲತಾಣದಲ್ಲಿ ವಿಚಾರಣೆಯ ವಿವರ ಸಿಗುತ್ತದೆ. ಬೇರೆ ಊರಿನವನು ಅಲ್ಲಿ ಸಿಗುವುದು ಕಡಿಮೆ. ಡಿಜಿಟಲ್ ಪ್ಯಾನಾಪ್ಟಿಕಾನ್ ಎಂಬ ಜಾಲತಾಣ ಲಂಡನ್ ಕೈದಿಗಳ ಬೇರೆ ಬೇರೆ ದಾಖಲೆಗಳನ್ನು ಒಂದೆಡೆ ಜೋಡಿಸಿ ಕೊಡುತ್ತದೆ, ಆದರೆ ಅದರ ಜೋಡಣೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಒಂದೇ ಹೆಸರಿನವರು ಬಹಳ. ನಂತರ ಬ್ರಿಟಿಷ್ ಗೃಹ ಇಲಾಖೆಯ ಎಚ್.ಒ. 11 ಸರಣಿಯ ಕೈದಿ ಸಾಗಣೆ ರಿಜಿಸ್ಟರಿನಲ್ಲಿ ಅವನ ಹಡಗು ಯಾವುದೆಂದು ನೋಡಿ. ವೈದ್ಯರ ದಿನಚರಿಗಳು ಕ್ಯೂನಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲಾಲಯದ ಎ.ಡಿ.ಎಂ. 101 ಸರಣಿಯಲ್ಲಿವೆ. ಇಳಿದ ಮೇಲೆ ಇಂಡೆಂಟ್, ಅಂದರೆ ಕೈದಿಗಳ ಒಪ್ಪಿಸುವ ಪಟ್ಟಿ: ವಯಸ್ಸು, ಕಸುಬು, ಎತ್ತರ, ಹಚ್ಚೆ, ಗಾಯದ ಗುರುತು. ಆಮೇಲೆ ಟಿಕೆಟ್ ಆಫ್ ಲೀವ್, ಅಂದರೆ ಅವಧಿ ಮುಗಿಯುವ ಮುನ್ನವೇ ಸ್ವಂತ ದುಡಿದು ಬದುಕಲು ಕೊಡುವ ಅನುಮತಿ; ಕೊನೆಗೆ ಅವಧಿ ಮುಗಿದವನಿಗೆ ಕೊಡುವ ಬಿಡುಗಡೆ ಪತ್ರ. ಹಡಗು ಬಂದ ಸುದ್ದಿಗೆ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಟ್ರೋವ್‌ನಲ್ಲಿ ಹಳೆಯ ಪತ್ರಿಕೆಗಳನ್ನು ನೋಡಿ.

ಸರಿಯಾದ ಮನುಷ್ಯನನ್ನೇ ಹಿಡಿದಿದ್ದೇವೆಯೇ ಎಂದು ತಾಳೆ ನೋಡುವ ಉಪಾಯ ಒಂದಿದೆ. ಶಿಕ್ಷೆಯ 7 ಅಥವಾ 14 ವರ್ಷ ಲೆಕ್ಕವಾಗುವುದು ತೀರ್ಪಿನ ದಿನದಿಂದ, ಸಿಡ್ನಿಯಲ್ಲಿ ಇಳಿದ ದಿನದಿಂದಲ್ಲ. ಬಿಡುಗಡೆ ಪತ್ರದ ದಿನಾಂಕ ತೀರ್ಪಿನಿಂದ 7 ವರ್ಷ ತುಂಬುವ ಮೊದಲೇ ಇದ್ದರೆ ನೀವು ಬೇರೊಬ್ಬನ ಕಾಗದ ಹಿಡಿದಿದ್ದೀರಿ.

ಕೈಬರಹ

ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ನಮ್ಮ ಕಡೆಯವರಿಗೆ ಸುಲಭದ ದಾರಿ ಎಂದರೆ ಮೊದಲು ಮ್ಯಾಕ್ವಾರಿಯ ಭಾರತದ ದಿನಚರಿಯಲ್ಲಿ ಕಣ್ಣು ಪಳಗಿಸುವುದು. ಮೂಲ ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿದೆ. ಶ್ರೀರಂಗಪಟ್ಟಣ, ಕಾವೇರಿ, ಟಿಪ್ಪು ಎಂಬ ಹೆಸರುಗಳನ್ನು ಅವನು ಬರೆದಿರುವ ರೀತಿ ನೋಡಿ ಅವನ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ, ಗೊತ್ತಿರುವ ಹೆಸರು ಗೊತ್ತಿಲ್ಲದ ಅಕ್ಷರವನ್ನು ಬಿಡಿಸಿಕೊಡುತ್ತದೆ. ಎರಡು ಎಸ್ ಒಟ್ಟಿಗೆ ಬಂದಾಗ ಮೊದಲನೆಯದು ಉದ್ದಕ್ಕೆ ಇಳಿದು ಎಫ್ ಥರ ಕಾಣುತ್ತದೆ. ರೋಗಗಳಿಗೆ ವೈದ್ಯರು ಬಳಸುವುದು ಲ್ಯಾಟಿನ್, ಗ್ರೀಕ್ ಹೆಸರು: ಸ್ಕಾರ್ಬ್ಯೂಟಸ್ ಎಂದರೆ ಸ್ಕರ್ವಿ, ಥೈಸಿಸ್ ಎಂದರೆ ಕ್ಷಯ.

ದಿನಚರಿ ಓದುವುದು

ಹಿಂದಿನಿಂದ ಓದಿ. ಕೊನೆಯಲ್ಲಿ ರೋಗವಾರು ಲೆಕ್ಕದ ಪಟ್ಟಿ ಮತ್ತು ವೈದ್ಯನ ಒಟ್ಟು ಮಾತು ಇರುತ್ತದೆ. ಆಮೇಲೆ ಮೊದಲಿಗೆ ಬಂದು ರೋಗಿಗಳ ವಿವರ ನೋಡಿ. ಒಟ್ಟು ಮಾತಿನಲ್ಲಿ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡಿರುತ್ತಾನೆ. ಓದುವವರು ಅವನ ಮೇಲಧಿಕಾರಿಗಳು ತಾನೆ. ನಿಜ ಇರುವುದು ದಿನದಿನದ ಸಾಲುಗಳಲ್ಲಿ.

ಪ್ರತಿ ದಿನಕ್ಕೆ ಒಂದು ಸಾಲು: ದಿನಾಂಕ, ಹಡಗಿನ ಜಾಗ, ಹವೆ, ಹೊಸ ರೋಗಿಗಳು, ಸಾವು, ಕೈದಿಗಳು ಡೆಕ್ ಮೇಲೆ ಬಂದರೋ ಇಲ್ಲವೋ. ಬಿರುಗಾಳಿಗೆ ಮೇಲಿನ ಬಾಗಿಲು ಮುಚ್ಚಿದ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ನಂತರದ ದಿನಗಳಲ್ಲಿ ರೋಗಿಗಳ ಸಂಖ್ಯೆ ಏರಿತೇ ನೋಡಿ. ಕೆಳಡೆಕ್ಕಿಗೆ ನೀರು ಹಾಕದೆ ಒಣಗಲ್ಲಿನಿಂದ ಉಜ್ಜಿಸುತ್ತಿದ್ದುದು, ಒಲೆ ಇಟ್ಟು ಒಣಗಿಸುತ್ತಿದ್ದುದು ತೇವಕ್ಕೆ ಹೆದರಿ. ಮಲಗಲು 6 ಅಡಿ ಚೌಕದ ಅಟ್ಟದ ಮೇಲೆ ನಾಲ್ವರು, ಒಬ್ಬನ ಪಾಲಿಗೆ 18 ಅಂಗುಲ. ಕಾಲೇಜಿನಲ್ಲಿ ಪ್ರದರ್ಶನ ಇಡುವುದಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಚೌಕ ಎಳೆದು ನಾಲ್ವರನ್ನು ಮಲಗಿಸಿ, ವಿವರಣೆಯ ಫಲಕವೇ ಬೇಕಾಗುವುದಿಲ್ಲ.

ಲೆಕ್ಕಕ್ಕೆ ಎಕ್ಸೆಲ್ ಬಳಸಿದರೆ ಎಡವುತ್ತೀರಿ. 1900ಕ್ಕಿಂತ ಹಿಂದಿನ ದಿನಾಂಕವನ್ನು ಅದು ಬರೀ ಅಕ್ಷರ ಎಂದುಕೊಳ್ಳುತ್ತದೆ, ಕಳೆಯಲು ಬರುವುದಿಲ್ಲ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಈ ರಗಳೆ ಇಲ್ಲ.

ನಕ್ಷೆ

ಅಕ್ಷಾಂಶ, ರೇಖಾಂಶ ಬರೆದಿರುವುದು ಡಿಗ್ರಿ ಮತ್ತು ಮಿನಿಟುಗಳಲ್ಲಿ. ಮಿನಿಟನ್ನು 60ರಿಂದ ಭಾಗಿಸಿಯೇ ನಕ್ಷೆಗೆ ಹಾಕಬೇಕು. ಸಿಡ್ನಿಯ ದಕ್ಷಿಣ 33 ಡಿಗ್ರಿ 52 ಮಿನಿಟು ಎಂದರೆ -33.87. ಹಾಗೇ -33.52 ಎಂದು ಹಾಕಿದರೆ ಹಡಗು ಸುಮಾರು 39 ಕಿ.ಮೀ. ಉತ್ತರಕ್ಕೆ ಹೋಗುತ್ತದೆ. ಮೈನಸ್ ಮರೆತರಂತೂ ಜಪಾನಿನ ಪೂರ್ವಕ್ಕೆ ಸಮುದ್ರದ ನಡುವೆ ನಿಲ್ಲುತ್ತದೆ. ಆಫ್ರಿಕಾಕ್ಕೆ ಹೋಗಬೇಕಾದ ಹಡಗು ಬ್ರೆಜಿಲ್ ಕಡೆ ವಾಲಿರುವುದನ್ನು ಕಂಡು ತಪ್ಪು ಲೆಕ್ಕ ಎಂದುಕೊಳ್ಳಬೇಡಿ. ಅಟ್ಲಾಂಟಿಕ್ ಗಾಳಿ, ಪ್ರವಾಹಗಳ ದಾರಿಯೇ ಅದು. ಮೊದಲ ತಂಡವೂ ರಿಯೊ ಡಿ ಜನೈರೊ ಮುಟ್ಟಿಯೇ ಕೇಪ್‌ಟೌನಿಗೆ ಹೋಯಿತು.

ಸಾವಿನ ಲೆಕ್ಕ

ಹತ್ತಿಸಿಕೊಂಡ ದಿನ ಬೇರೆ, ಹಡಗು ಹೊರಟ ದಿನ ಬೇರೆ. ಮೊದಲ ತಂಡದ ಕೈದಿಗಳನ್ನು 1787ರ ಜನವರಿಯಿಂದಲೇ ಹತ್ತಿಸತೊಡಗಿದರು. ಮೇ ತನಕ ದಡದ ಬಳಿಯೇ ಇದ್ದರು. ಎರಡೂ ದಿನಾಂಕ ಬರೆದುಕೊಳ್ಳಿ.

1790ರ ಎರಡನೇ ತಂಡದ ನೆಪ್ಚೂನ್, ಸ್ಕಾರ್ಬರೋ, ಸರ್‌ಪ್ರೈಜ್ ಹಡಗುಗಳಲ್ಲಿ ಹೋದ 1,006 ಕೈದಿಗಳಲ್ಲಿ 267 ಜನ ದಾರಿಯಲ್ಲೇ ಸತ್ತರು, ನೂರಕ್ಕೆ 26.5. ಸುಮಾರು 160 ದಿನಗಳ ಪಯಣವಾದ್ದರಿಂದ ತಿಂಗಳಿಗೆ ನೂರಕ್ಕೆ ಐದರಂತೆ. ಬೇರೆ ಬೇರೆ ಹಡಗುಗಳನ್ನು ಹೋಲಿಸಲು ಈ ತಿಂಗಳ ಲೆಕ್ಕವೇ ಬೇಕು. ದಡಕ್ಕಿಳಿದ ಮೇಲೆ ಆಸ್ಪತ್ರೆಯಲ್ಲಿ ಸತ್ತವರು ಇದರಲ್ಲಿ ಸೇರಿಲ್ಲ, ಅವರಿಗೊಂದು ಬೇರೆ ಕಾಲಂ ಇರಲಿ.

ಸಾವಿಗೆ ಕಾರಣ ಬರೆಯುವಾಗ ರೋಗದ ಹೆಸರಿಗೇ ನಿಲ್ಲಬೇಡಿ, ಗುತ್ತಿಗೆ ಕರಾರು ನೋಡಿ. ಈ ಮೂರು ಹಡಗುಗಳ ಗುತ್ತಿಗೆ ಗುಲಾಮರ ವ್ಯಾಪಾರ ಮಾಡುತ್ತಿದ್ದ ಕ್ಯಾಮ್ಡೆನ್, ಕ್ಯಾಲ್ವರ್ಟ್ ಅಂಡ್ ಕಿಂಗ್ ಕಂಪನಿಯದು. ಹತ್ತಿಸಿಕೊಂಡ ತಲೆಗೆ 17 ಪೌಂಡ್ 7 ಶಿಲ್ಲಿಂಗ್ 6 ಪೆನ್ಸ್. ಕೈದಿ ಬದುಕಿ ಇಳಿದರೂ ಅಷ್ಟೇ, ಸಮುದ್ರದಲ್ಲಿ ಸತ್ತರೂ ಅಷ್ಟೇ. ಸತ್ತವನ ಪಾಲಿನ ಆಹಾರ ಉಳಿತಾಯ. ಆಮೇಲಿನ ಕರಾರುಗಳಲ್ಲಿ ಆರೋಗ್ಯವಾಗಿ ಇಳಿದವರಿಗೆ ಹೆಚ್ಚುವರಿ ಹಣ ಸೇರಿತು. ನಿಮ್ಮ ಹಡಗಿನ ಕರಾರು ಯಾವ ಬಗೆಯದು ಎಂದು ಸಾವಿನ ಕಾಲಮ್ಮಿನ ಪಕ್ಕದಲ್ಲೇ ಬರೆಯಿರಿ.

ಕರಿನೀರಿನ ಶಿಕ್ಷೆ ಎಂದೊಡನೆ ನಮ್ಮೂರಿನ ಕೈದಿಯನ್ನು ಈ ಪಟ್ಟಿಗಳಲ್ಲಿ ಹುಡುಕಲು ಹೊರಡುವವರಿದ್ದಾರೆ. ಭಾರತದ ಕೈದಿಗಳನ್ನು ಹೆಚ್ಚಾಗಿ ಸಾಗಿಸಿದ್ದು ಪೆನಾಂಗ್, ಸಿಂಗಪುರದ ಕಡೆಗೆ, 1858ರಿಂದ ಅಂಡಮಾನಿಗೆ. ಭಾರತದಿಂದ ಆಸ್ಟ್ರೇಲಿಯಾಕ್ಕೆ ಹೋದವರಲ್ಲಿ ಹೆಚ್ಚಿನವರು ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾದ ಯುರೋಪಿಯನ್ ಸಿಪಾಯಿಗಳು. ಭಾರತದ ನಂಟೇ ಬೇಕೆಂದರೆ ಹಡಗಿನ ಮರವನ್ನು ಹಿಡಿಯಿರಿ: 1853ರಲ್ಲಿ ಬಂಗಾಳದಲ್ಲಿ ತೇಗದಿಂದ ಕಟ್ಟಿದ ಎಡ್ವಿನ್ ಫಾಕ್ಸ್ 1858ರಲ್ಲಿ ಫ್ರೀಮ್ಯಾಂಟಲ್‌ಗೆ ಕೈದಿಗಳನ್ನು ಒಯ್ದಿತು. ಅದರ ಒಡಲು ಈಗಲೂ ನ್ಯೂಜಿಲೆಂಡಿನ ಪಿಕ್ಟನ್‌ನಲ್ಲಿ ನೋಡಲು ಸಿಗುತ್ತದೆ.