ಗಿನಿ ಪಿಗ್‌ಗೆ ಹಿಡಿ ಜೋಳ ಸಾಲದು

ನಮ್ಮ ಮನೆಗೆ ಮೊದಲ ಗಿನಿ ಪಿಗ್ ಜೋಡಿ ಬಂದಾಗ ಅವ್ವ, ‘ಒಂದ್ ಹಿಡಿ ಜ್ವಾಳ ಹಾಕು, ತಿಂತಾವು’ ಅಂದಳು. ತಿಂದವು. ಜೋಳ, ರೊಟ್ಟಿ ಚೂರು, ನೆನೆಸಿದ ಕಡಲೆ, ಹಾಕಿದ್ದೆಲ್ಲ ತಿಂದವು. ಕೆಲವು ವಾರ ಕಳೆದ ಮೇಲೆ ಕಂದು ಬಣ್ಣದ್ದು ಮೂಲೆ ಹಿಡಿಯಿತು. ಎತ್ತಿಕೊಂಡರೆ ಚೀರುತ್ತಿತ್ತು, ಹಿಂಗಾಲಿನ ಕೀಲು ಬಾತಿತ್ತು. ಪಶುವೈದ್ಯರು ಮುಟ್ಟಿ ನೋಡುವ ಮುಂಚೆಯೇ ಕೇಳಿದರು: ‘ಹಸರು ಏನ್ ಹಾಕ್ತೀರಿ?’ ನಾನು ಏನೂ ಹಾಕಿರಲಿಲ್ಲ. ಅದಕ್ಕೆ ಆಗಿದ್ದು ಸ್ಕರ್ವಿ, ಅಂದರೆ ವಿಟಮಿನ್ ‘ಸಿ’ ಕೊರತೆ. ಅದೃಷ್ಟಕ್ಕೆ ಉಳಿಯಿತು. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಲ್ಲು

ಗಿನಿ ಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ, ಹುಲ್ಲು ತಿಂದೇ ಬದುಕುವ ಪ್ರಾಣಿ. ಹಲ್ಲುಗಳು ಕೊನೆಯವರೆಗೂ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದಾಗಲೇ ಅವು ಸವೆಯುವುದು, ಕರುಳು ಓಡುವುದು. ಆದ್ದರಿಂದ ಆಹಾರದ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣ ಹುಲ್ಲೇ ಇರಲಿ. ಹಗಲು ರಾತ್ರಿ ಗೂಡಿನಲ್ಲಿ ಖಾಲಿಯಾಗದಿರಲಿ. ಕರಕಿ ಸಿಕ್ಕರೆ ಬಲು ಒಳ್ಳೆಯದು. ಔಷಧ ಹೊಡೆದ ಹೊಲದ ಬದುವಿನದು, ನಾಯಿ ಓಡಾಡುವ ರಸ್ತೆ ಬದಿಯದು ಬೇಡ. ಬೂಸು ಹಿಡಿದ ಹುಲ್ಲನ್ನು ಮೂಸಿ ನೋಡಿಯೇ ತೆಗೆದುಹಾಕಿ. ಎಳೆ ಜೋಳದ ಪೈರು ತಿಂದು ದನ ಬೀಳುವುದನ್ನು ನಮ್ಮ ರೈತರು ಬಲ್ಲರು. ಇದಕ್ಕೂ ಅದನ್ನು ಹಾಕಬೇಡಿ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು. ಮರಿಗೆ, ಗಬ್ಬದ ಹೆಣ್ಣಿಗೆ ಸರಿ, ಉಳಿದ ದೊಡ್ಡವುಗಳಿಗೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುವ ಭಯವಿದೆ.

ಆಮೇಲೆ ಪೇರಲ

ಮನುಷ್ಯರ ಹಾಗೆ ಗಿನಿ ಪಿಗ್ ದೇಹವೂ ವಿಟಮಿನ್ ‘ಸಿ’ಯನ್ನು ತಾನೇ ತಯಾರಿಸಿಕೊಳ್ಳಲಾರದು. ಒಂದು ಕಿಲೋ ತೂಗುವುದಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಗಬ್ಬದಲ್ಲಿ ಇನ್ನೂ ಹೆಚ್ಚು. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಹಾಗಾಗಿ ಹೆಬ್ಬೆರಳ ತುದಿಯಷ್ಟು ಹೋಳು ಸಾಕು. ಹಣ್ಣಿನಲ್ಲಿ ಸಕ್ಕರೆ ಇರುವುದರಿಂದ ನಾನು ವಾರಕ್ಕೆ ಎರಡು ದಿನ ಮಾತ್ರ ಪೇರಲ ಕೊಡುತ್ತೇನೆ. ಉಳಿದ ದಿನ ಎರಡು ಬೆರಳಗಲದ ದಪ್ಪ ಮೆಣಸಿನಕಾಯಿ (ಕ್ಯಾಪ್ಸಿಕಂ) ಹೋಳು, ಜೊತೆಗೆ ನಾಲ್ಕೆಳೆ ಕೊತ್ತಂಬರಿ. ಪಲ್ಲೆಯ ಚೀಲ ಸರಸರ ಅಂದರೆ ಸಾಕು, ಎರಡೂ ಹಿಂಗಾಲ ಮೇಲೆ ನಿಂತು ‘ವೀಕ್ ವೀಕ್’ ಎಂದು ಕೂಗುತ್ತವೆ.

ವಿಟಮಿನ್ ಹನಿಯನ್ನು ಕುಡಿಯುವ ನೀರಿಗೆ ಬೆರೆಸುವವರಿದ್ದಾರೆ. ಕೆಲವೇ ಗಂಟೆಗಳಲ್ಲಿ ಅದರ ಸತ್ವ ಇಳಿದುಬಿಡುತ್ತದೆ, ರುಚಿ ಕೆಟ್ಟಿತೆಂದು ಪ್ರಾಣಿ ನೀರು ಬಿಡುವುದೂ ಉಂಟು. ಮೊಲದ ಗುಳಿಗೆ ಆಹಾರವೂ ಸಾಲದು; ಅದರಲ್ಲಿ ಸಾಮಾನ್ಯವಾಗಿ ‘ಸಿ’ ಸೇರಿಸಿರುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಹಾಲು, ರೊಟ್ಟಿ ಬೇಡವೇ ಬೇಡ.

ನಮ್ಮ ಬಿಸಿಲು

ಬೆಳಗಾವಿಯಲ್ಲಿ ಸಾಕುವವರಿಗೆ ಬಿಸಿಲು ನಮ್ಮಷ್ಟು ಕಾಡಲಿಕ್ಕಿಲ್ಲ. ವಿಜಯಪುರ, ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳು ಮಾತ್ರ ಈ ಪ್ರಾಣಿಗೆ ಜೀವಕ್ಕೆ ಕುತ್ತು. ಅದಕ್ಕೆ ಹಿತವಾದದ್ದು 18ರಿಂದ 24 ಡಿಗ್ರಿ. 30 ದಾಟಿದರೆ ಅಪಾಯ, ನಮ್ಮಲ್ಲಿ 40 ದಾಟುತ್ತದೆ. ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ತಗಡಿನ ಚಾವಣಿ ಕೆಳಗೆ, ಬಾಲ್ಕನಿಯಲ್ಲಿ ಗೂಡು ಇಡಬೇಡಿ. ಮನೆಯ ಅತಿ ತಂಪಾದ ಕೋಣೆಯ ನೆಲದ ಮೇಲಿಡಿ. ಕಿಟಕಿಗೆ ಹಸಿ ಗೋಣಿ ಕಟ್ಟಿ. ನೀರು ತುಂಬಿ ಗಡ್ಡೆ ಕಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಗಿಡಿ. ಬೇಕಾದಾಗ ಅದೇ ಬಂದು ಒರಗುತ್ತದೆ. ಕೂಲರ್ ಗಾಳಿ ನೇರ ಮೈಮೇಲೆ ಬೀಳದಿರಲಿ. ಮೈ ಚಾಚಿ ಬಿದ್ದು ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದ್ದರೆ ಕಿವಿ, ಪಾದಗಳಿಗೆ ಒದ್ದೆ ಬಟ್ಟೆ ಒತ್ತುತ್ತ ಕೂಡಲೇ ವೈದ್ಯರ ಹತ್ತಿರ ಹೊರಡಿ. ಮಂಜಿನ ನೀರಲ್ಲಿ ಮುಳುಗಿಸಬೇಡಿ.

ಗೂಡಿನ ತಳ ತಂತಿಯದಾದರೆ ಪಾದ ಹುಣ್ಣಾಗುತ್ತದೆ. ಸಪಾಟಾದ ನೆಲ, ಮೇಲೆ ಹಳೆಯ ಹತ್ತಿ ಬಟ್ಟೆ ಇರಲಿ. ಒದ್ದೆಯಾದ ಜಾಗವನ್ನು ದಿನಾ ಬದಲಿಸಿ. ಒಂಟಿಯಾಗಿ ಸಾಕಬೇಡಿ, ಇಬ್ಬರಿಗೆ 7.5 ಚದರ ಅಡಿಯಾದರೂ ಬೇಕು. ಹೆಣ್ಣೋ ಗಂಡೋ ಎಂದು ನೋಡಿಸಿಕೊಂಡೇ ತನ್ನಿ, ಇಲ್ಲವಾದರೆ ಬೇಡದ ಮರಿಗಳಾದಾವು.

ರವಿವಾರದ ತೂಕ

ನನ್ನ ಹತ್ತಿರ ಅಡುಗೆಮನೆಯ ತಕ್ಕಡಿ, ಒಂದು ಬುಟ್ಟಿ, ಒಂದು ನೋಟ್‌ಬುಕ್ ಇದೆ. ರವಿವಾರ ಬೆಳಿಗ್ಗೆ ಬುಟ್ಟಿಯಲ್ಲಿ ಕೊತ್ತಂಬರಿ ಹಾಕಿ ಕೂರಿಸಿದರೆ ತಿನ್ನುತ್ತ ಸುಮ್ಮನಿರುತ್ತವೆ, ಅಷ್ಟರಲ್ಲಿ ತೂಕ ಬರೆದುಕೊಳ್ಳುತ್ತೇನೆ. ವಾರದಲ್ಲಿ 50 ಗ್ರಾಂ ಇಳಿದರೆ ಹಲ್ಲು, ಹಿಕ್ಕೆ ಎರಡನ್ನೂ ಗಮನಿಸಬೇಕು. ಈ ಪ್ರಾಣಿ ರೋಗವನ್ನು ಮುಚ್ಚಿಡುತ್ತದೆ. ಕಣ್ಣಿಗೆ ಕಾಣುವ ಮುಂಚೆ ತಕ್ಕಡಿಗೆ ಗೊತ್ತಾಗುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆಗೆ ಮುಂದೂಡಬೇಡಿ, ಕರುಳು ನಿಂತುಹೋಗುತ್ತದೆ.

ವೈದ್ಯರ ಹತ್ತಿರ ಹೋದಾಗ ಇದು ಗಿನಿ ಪಿಗ್ ಎಂದು ಮೊದಲೇ ಹೇಳಿ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಬಾಯಲ್ಲಿ ಕೊಟ್ಟರೆ ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣವೇ ಹೋಗಬಹುದು. ಮನೆಯಲ್ಲಿ ಮಕ್ಕಳ ಜ್ವರಕ್ಕೆ ತಂದು ಉಳಿದ ಔಷಧದ ಬಾಟಲಿಯನ್ನು ಇದಕ್ಕಾಗಿ ಎಂದೂ ತೆರೆಯಬೇಡಿ.